ಹಲ್ಲಿನ ಮೇಲಿನ ಕೋಣೆ

1651ರಲ್ಲಿ ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ ತನ್ನ ಅಂಗರಚನಾ ಗ್ರಂಥದಲ್ಲಿ ಒಬ್ಬ ಹೆಂಗಸಿನ ಪ್ರಸಂಗ ಬರೆದ. ಮೇಲ್ದವಡೆಯ ಕೋರೆಹಲ್ಲು ಕಿತ್ತ ಮೇಲೆ ಆಕೆಗೆ ಆ ಗುಳಿಯಿಂದ ಸದಾ ದ್ರವ ಒಸರುತ್ತಿತ್ತು. ಹಕ್ಕಿಯ ಗರಿಯೊಂದನ್ನು ತೂರಿಸಿ ನೋಡಿದಳು. ಗರಿ ಬಹುಪಾಲು ಒಳಗೇ ಹೋಯಿತು! ಮಿದುಳಿಗೇ ತಾಗಿತೇನೋ ಎಂದು ಗಾಬರಿಬಿದ್ದಳು. ಗರಿ ಹೊಕ್ಕಿದ್ದು ಮೇಲ್ದವಡೆಯ ಎಲುಬಿನೊಳಗಿನ ಗಾಳಿಕೋಣೆಗೆ, ಅಂದರೆ ಸೈನಸ್ಸಿಗೆ.

ಮೇಲಿನ ದವಡೆಹಲ್ಲುಗಳ ಬೇರು ಈ ಕೋಣೆಯ ನೆಲಕ್ಕೆ ಒತ್ತಿಕೊಂಡೇ ಇರುತ್ತದೆ. ನಡುವೆ ತೆಳ್ಳನೆಯ ಮೂಳೆ. ಕೆಲವರಲ್ಲಿ ಬರೀ ಪೊರೆ. ನರಗಳೂ ಹಂಚಿಕೆಯವೇ. ಹಾಗಾಗಿ ಮೇಲೆ ಕೀವು ತುಂಬಿದರೂ ನೋಯುವುದು ಹಲ್ಲು.

ಸೈನಸ್ಸಿನ ಸೋಂಕುಗಳಲ್ಲೇ ಅಪರೂಪದ್ದು, ಘೋರವಾದದ್ದು ಮ್ಯೂಕರ್ ಶಿಲೀಂಧ್ರದ್ದು. 1885ರಲ್ಲಿ ಪಾಲ್ಟಾಫ್ ಎಂಬ ರೋಗಶಾಸ್ತ್ರಜ್ಞ ಮನುಷ್ಯರಲ್ಲಿ ಅದನ್ನು ವಿವರಿಸಿದ. ಆಮೇಲೆ ಬಹುಕಾಲ ಅದು ಪಠ್ಯಪುಸ್ತಕದ ಕಾಯಿಲೆಯಾಗಿಯೇ ಉಳಿಯಿತು. 2021ರ ಕೋವಿಡ್ ಎರಡನೇ ಅಲೆಯಲ್ಲಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೆರಾಯ್ಡ್ ಜೊತೆಗೂಡಿ ಅದನ್ನು ನಮ್ಮ ಮನೆಬಾಗಿಲಿಗೆ ತಂದವು. ಮೇ ತಿಂಗಳಲ್ಲಿ, ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಿಸುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು. ಈ ಶಿಲೀಂಧ್ರವನ್ನು ಕೊಲ್ಲುವ ಆಂಫೊಟೆರಿಸಿನ್ ಚುಚ್ಚುಮದ್ದಿಗಾಗಿ ಜನ ಊರೂರು ಅಲೆದರು.

ಆಗ ಹಲವರು ಮೊದಲು ಹೋಗಿ ಕೂತದ್ದು ದಂತವೈದ್ಯರ ಕುರ್ಚಿಯಲ್ಲಿ. ಒಂದೇ ಬದಿಯ ಮೂರು ನಾಲ್ಕು ಹಲ್ಲು ಅಲುಗಾಡುತ್ತವೆ, ಹುಳುಕು ಮಾತ್ರ ಇಲ್ಲ. ಕೆನ್ನೆ ಜೋಮು ಹಿಡಿದಿದೆ. ಕಿತ್ತ ಹಲ್ಲಿನ ಗುಳಿ ಮಾಯುವುದಿಲ್ಲ, ಒಳಗೆ ಬೋಳು ಮೂಳೆ ಕಾಣುತ್ತದೆ. ಅಂಗುಳಿನ ಮೇಲಿನ ಕಪ್ಪು ಕಲೆ ಶಿಲೀಂಧ್ರದ ಬಣ್ಣವಲ್ಲ. ಶಿಲೀಂಧ್ರ ರಕ್ತನಾಳದೊಳಗೇ ಬೆಳೆದು ರಕ್ತ ತಡೆದಾಗ ಸತ್ತ ಅಂಗಾಂಶದ ಬಣ್ಣ ಅದು.

ಪತ್ತೆಯ ಮೊದಲ ಹೆಜ್ಜೆ ಸರಳ. ಚೂರು ಅಂಗಾಂಶವನ್ನು ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸುತ್ತಾರೆ. ಕೋಶಗಳು ಕರಗಿ ತಿಳಿಯಾದಾಗ, ಸೂಕ್ಷ್ಮದರ್ಶಕದಡಿ ರಿಬ್ಬನ್ನಿನಂಥ ಅಗಲವಾದ ಎಳೆಗಳು ಅಡ್ಡಡ್ಡ ಕವಲೊಡೆದಿರುವುದು ಕಾಣುತ್ತದೆ. ಶಿಲೀಂಧ್ರವನ್ನು ಬೆಳೆಸಿ ನೋಡುವ ಕಲ್ಚರ್ ವರದಿಗೆ ದಿನಗಟ್ಟಲೆ ಬೇಕು. ಈ ಪರೀಕ್ಷೆಗೆ ಅಷ್ಟು ಹೊತ್ತು ಬೇಡ. ಸೋಂಕು ಕಣ್ಣಿಗೆ, ಮಿದುಳಿಗೆ ಏರುವ ಮೊದಲು ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕಾದ್ದರಿಂದ ಇಲ್ಲಿ ಒಂದೊಂದು ಗಂಟೆಯೂ ಲೆಕ್ಕ. ಎಲುಬು ಎಷ್ಟು ಹಾಳಾಗಿದೆ ಎಂಬುದನ್ನು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ.

ಅಲೆ ಇಳಿಯಿತು, ಸಕ್ಕರೆ ಕಾಯಿಲೆ ಇಳಿದಿಲ್ಲ. ಹಲ್ಲುನೋವೆಂದು ಹೋದಾಗ ನಿಮ್ಮ ಸಕ್ಕರೆಯ ಮಟ್ಟವನ್ನೂ, ತೆಗೆದುಕೊಂಡ ಸ್ಟೆರಾಯ್ಡನ್ನೂ ದಂತವೈದ್ಯರಿಗೆ ಅವರು ಕೇಳುವ ಮೊದಲೇ ಹೇಳಿಬಿಡಿ.