ನಿಘಂಟಿನೊಳಗಿನ ಬೀಗದ ಕೈ

ರೆವರೆಂಡ್ ಕಿಟ್ಟೆಲ್ 1894ರಲ್ಲಿ ಹೊರತಂದ ಕನ್ನಡ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಓದಿ ಮುಗಿಸಲು ನಮಗೆ ತಿಂಗಳುಗಳೇ ಬೇಕು. ಅಷ್ಟು ಪದಗಳ ಪಟ್ಟಿ ಕಂಪ್ಯೂಟರಿಗೆ ಒಂದು ತುತ್ತು. ಪಾಸ್‌ವರ್ಡ್ ಕಳ್ಳರ ಬಂಡವಾಳ ಇದೇ.

ಪಾಸ್‌ವರ್ಡನ್ನು ಇದ್ದಂತೆಯೇ ಇಡದೆ, ಗುರುತು ಸಿಗದ ಸಂಕೇತವಾಗಿ ಅರೆದು ಇಡುವುದು ಸರಿಯಾದ ಪದ್ಧತಿ. ಅರೆದ ಚಟ್ನಿಯಿಂದ ತಿಪಟೂರಿನ ಕಾಯಿ ಮರಳಿ ಬಂದೀತೆ? ಆದರೆ ಆ ಕಡತ ಕದ್ದವನು ನಿಘಂಟಿನ ಒಂದೊಂದೇ ಪದವನ್ನು ಅದೇ ರೀತಿ ಅರೆದು ಹೋಲಿಸುತ್ತಾನೆ. ಹೊಂದಿದರೆ ಬೀಗ ತೆರೆದಂತೆಯೇ. ಅಮೆರಿಕದ ಬೆಲ್ ಪ್ರಯೋಗಾಲಯದ ಮಾರಿಸ್ ಮತ್ತು ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 3,289 ಪಾಸ್‌ವರ್ಡ್‌ಗಳ ಪೈಕಿ ಶೇಕಡಾ 86 ತೀರ ಗಿಡ್ಡವು, ಸರಳವು ಅಥವಾ ನಿಘಂಟು, ಹೆಸರುಪಟ್ಟಿಗಳಲ್ಲಿ ಸಿಗುವಂಥವು.

ತುಮಕೂರಿನ ಸದಾಶಿವನಗರದವರೊಬ್ಬರು ಬ್ಯಾಂಕ್ ಖಾತೆಗೆ ‘ಸಿದ್ಧಗಂಗಾ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕೊನೆಗೆ 123 ಸೇರಿಸಿದರೆ? ಊರು, ದೇವರು, ಮಕ್ಕಳ ಹೆಸರುಗಳೂ ಕಳ್ಳರ ಪಟ್ಟಿ ಸೇರಬಲ್ಲವು. ಬಾಲ ಅಂಟಿಸಿ ನೋಡುವುದೂ ಅವರಿಗೆ ಗೊತ್ತು.

ಆದ್ದರಿಂದ ಕಾವಲುಗಾರ ಕಳ್ಳನಿಗಿಂತ ಮೊದಲೇ ಈ ಪರೀಕ್ಷೆ ಮಾಡಬೇಕು. ಹೊಸ ಪಾಸ್‌ವರ್ಡ್ ಕೊಟ್ಟ ಕ್ಷಣವೇ ಪಟ್ಟಿಯೊಡನೆ ತಾಳೆ ನೋಡಿ, ಸಿಕ್ಕಿದರೆ ‘ಬೇರೆ ಕೊಡಿ’ ಎನ್ನಬೇಕು. ನಾವೋ, ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಚೀಟಿ ಎತ್ತಿ ಆರಿಸಿ ಪೋಣಿಸಬಹುದು. ಬಿಡಿ ಪದಗಳು ನಿಘಂಟಿನಲ್ಲಿದ್ದಾವು. ಆ ಸರ ಇರದು.