‘ವೆಂಟ್’ ರೂಪದ ಮೂಲ ಮತ್ತು ಬೋಧನೆ

‘ನಿನ್ನೆ ನಾವು ಅಂಬಾಜಿದುರ್ಗ ಬೆಟ್ಟಕ್ಕೆ ಹೋದೆವು’ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮಕ್ಕಳು ‘ಗೋ’ಗೆ ಭೂತಕಾಲದ ಪ್ರತ್ಯಯ ಹಚ್ಚಿ ‘ಗೋಡ್’ ಎಂದು ಬರೆಯುವುದುಂಟು. ಪ್ರಶಿಕ್ಷಣಾರ್ಥಿ ಅದನ್ನು ಹೊಡೆದು ‘ವೆಂಟ್’ ಎಂದು ತಿದ್ದುತ್ತಾರೆ. ‘ಯಾಕೆ ಸಾರ್?’ ಎಂದರೆ ‘ಅದು ಹಾಗೇ, ಬಾಯಿಪಾಠ ಮಾಡು’ ಎನ್ನುತ್ತಾರೆ. ಆದರೆ ಇದಕ್ಕೆ ಕಾರಣವಿದೆ. ಅದನ್ನು ತರಗತಿಯಲ್ಲಿ ಹೇಳಲೂಬಹುದು.

‘ವೆಂಟ್’ ಮೂಲದಲ್ಲಿ ‘ಗೋ’ ಧಾತುವಿನ ರೂಪವಲ್ಲ. ಅದು ‘ವೆಂಡ್’ ಎಂಬ ಬೇರೊಂದು ಧಾತುವಿನ ಭೂತಕಾಲ. ಹಳೆಯ ಇಂಗ್ಲಿಷಿನಲ್ಲಿ ಇದು ‘ವೆಂಡನ್’. ಅರ್ಥ ‘ತಿರುಗಿಸು, ತಿರುಗು’. ಕ್ರಮೇಣ ‘ಸಾಗು, ಹೋಗು’ ಎಂಬ ಅರ್ಥವೂ ಬಂತು. ನಮ್ಮ ‘ತಿರುಗು’ ಕೂಡ ಹೀಗೆಯೇ: ಚಕ್ರ ತಿರುಗುತ್ತದೆ, ಮನುಷ್ಯ ಊರೂರು ತಿರುಗುತ್ತಾನೆ.

ರೂಪವೂ ಅಪರೂಪದ್ದಲ್ಲ. ‘ಸೆಂಡ್–ಸೆಂಟ್’, ‘ಲೆಂಡ್–ಲೆಂಟ್’, ‘ಬೆಂಡ್–ಬೆಂಟ್’ ಇದ್ದಂತೆ ‘ವೆಂಡ್–ವೆಂಟ್’. ಕನ್ನಡದ ‘ಕೊಡು–ಕೊಟ್ಟನು’, ‘ಇಡು–ಇಟ್ಟನು’, ‘ಸುಡು–ಸುಟ್ಟನು’ ಇವುಗಳನ್ನು ಪಕ್ಕದಲ್ಲಿ ಬರೆದು ತೋರಿಸಬಹುದು. ಎರಡು ಭಾಷೆಗಳಿಗೂ ನಂಟಿಲ್ಲ. ಹೋಲಿಕೆ ಕಲಿಕೆಯ ಅನುಕೂಲಕ್ಕೆ ಮಾತ್ರ.

ಹಾಗಾದರೆ ‘ಗೋ’ಗೆ ಭೂತಕಾಲವೇ ಇರಲಿಲ್ಲವೇ? ಇತ್ತು. ಹಳೆಯ ಇಂಗ್ಲಿಷಿನಲ್ಲಿ ಅದು ‘ಏಓಡೆ’; ಅದೂ ಬೇರೆ ಧಾತುವಿನಿಂದ ಬಂದದ್ದೇ. 15ನೆಯ ಶತಮಾನದ ಹೊತ್ತಿಗೆ ಅದು ಹಿಂದೆ ಸರಿದು, ಆ ಜಾಗಕ್ಕೆ ‘ವೆಂಟ್’ ಬಂತು. ತನ್ನ ರೂಪ ಕಳೆದುಕೊಂಡ ‘ವೆಂಡ್’ಗೆ ‘ವೆಂಡೆಡ್’ ಎಂಬ ಹೊಸ ಭೂತಕಾಲ ಹುಟ್ಟಿತು. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಮಾತ್ರ ‘ಗೋ’ಗೆ ಪ್ರತ್ಯಯ ಹಚ್ಚಿದ ‘ಗೇಡ್’ ಎಂಬ ರೂಪ ಬಳಕೆಗೆ ಬಂತು. ಅಂದರೆ ‘ಗೋಡ್’ ಎಂದು ಬರೆದ ಮಗು ನಿಯಮ ಅರಿಯದೆ ತಪ್ಪಿದ್ದಲ್ಲ. ಅರಿತ ನಿಯಮವನ್ನೇ ಇಲ್ಲಿಗೂ ಅನ್ವಯಿಸಿದೆ. ತಿದ್ದುವ ಮೊದಲು ಅದನ್ನು ಮೆಚ್ಚಬೇಕು.

ಇದಕ್ಕಿಂತ ಗಟ್ಟಿಯಾಗಿ ಉಳಿಯುವ ತಪ್ಪು ‘ಡಿಡ್ ನಾಟ್ ವೆಂಟ್’. ಇಲ್ಲಿ ಮನೆಮಾತೇ ನೆರವಿಗೆ ಬರುತ್ತದೆ. ‘ಹೋದನು’ ಎನ್ನುವ ಮಗು ‘ಹೋದಲಿಲ್ಲ’ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತದೆ. ನಿಷೇಧದಲ್ಲಿ ಧಾತು ಮರಳಿ ಬರುತ್ತದೆ. ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳೂ ಅನೇಕರು. ಅವರು ‘ವಚ್ಚಾಡು’ (ಬಂದನು) ಎಂಬುದರ ನಿಷೇಧವನ್ನು ‘ರಾಲೇದು’ (ಬರಲಿಲ್ಲ) ಎಂದು ತಡವರಿಸದೆ ಹೇಳುತ್ತಾರೆ. ನೋಟಕ್ಕೆ ಬೇರೆಯೇ ಆದ ಎರಡು ರೂಪಗಳನ್ನು ಅವರ ನಾಲಿಗೆ ಆಗಲೇ ಬಲ್ಲದು. ‘ವೆಂಟ್’, ‘ಡಿಡ್ ನಾಟ್ ಗೋ’ ಕೂಡ ಅಂಥದೇ ಜೋಡಿ.

ಪಾಠಯೋಜನೆಯಲ್ಲಿ ಇದಕ್ಕೆ ಹತ್ತು ನಿಮಿಷ ಸಾಕು. ಮೊದಲು ಮಕ್ಕಳಿಂದಲೇ ‘ಹೋದನು–ಹೋಗಲಿಲ್ಲ’, ‘ಕೊಟ್ಟನು–ಕೊಡಲಿಲ್ಲ’ ಹೇಳಿಸಿ ಕಪ್ಪುಹಲಗೆಯ ಮೇಲೆ ಬರೆಯಿರಿ. ಎದುರಿಗೆ ‘ವೆಂಟ್’, ‘ಡಿಡ್ ನಾಟ್ ಗೋ’ ಬರೆಯಿರಿ. ಆಮೇಲೆ ‘ವೆಂಡ್’ ಕತೆ ಹೇಳಿ. ‘ಏಓಡೆ’ ಮಕ್ಕಳಿಗೆ ಬೇಡ. ಅದು ಶಿಕ್ಷಕರ ತಿಳಿವಳಿಕೆಗೆ. ‘ಯಾಕೆ’ ಎಂದು ಕೇಳಿದ ಮಗುವಿಗೆ ಉತ್ತರ ಸಿಕ್ಕರೆ, ಅದು ಮತ್ತೆ ಕೇಳುತ್ತದೆ.