ಮನೆಗೆ ನೆಟ್ ಹಾಕಿಸುವ ಮುನ್ನ ಒಂದು ಲೆಕ್ಕ

ನಮ್ಮ ಮನೆಯಲ್ಲಿ ನಾಲ್ಕು ಮೊಬೈಲುಗಳಿವೆ. ಒಂದು ಉಮ್ಮನದು, ಒಂದು ಡಿಗ್ರಿ ಓದುವ ಅಣ್ಣನದು, ಒಂದು ನನ್ನದು. ನಾಲ್ಕನೆಯದು ಹೆಸರಿಗೆ ಅಜ್ಜಿಯದು, ಇರುವುದು ಮಾತ್ರ ಯಾವಾಗಲೂ ತಂಗಿಯ ಕೈಯಲ್ಲಿ. ಅಬ್ಬ ದುಬೈಯಲ್ಲಿದ್ದಾರೆ. ಅಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲವಾದ್ದರಿಂದ ಅವರು ಬೋಟಿಮ್ ಎಂಬ ಆ್ಯಪ್‌ನಲ್ಲಿ ಕರೆ ಮಾಡುತ್ತಾರೆ. ಅದಕ್ಕೆ ಎರಡೂ ಕಡೆ ನೆಟ್ ಬೇಕು. ರಾತ್ರಿ ಅವರ ಕರೆ ಬರುವ ಹೊತ್ತಿಗೆ ಯಾರ ಫೋನಿನಲ್ಲಿ ಆ ದಿನದ ಡೇಟಾ ಉಳಿದಿದೆ ಎಂದು ಹುಡುಕುವುದು ನಮಗೆ ದಿನನಿತ್ಯದ ಕೆಲಸವಾಗಿತ್ತು.

ಹಾಗಾಗಿ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸೋಣ ಎಂದು ನಾನೇ ಹಟ ಹಿಡಿದೆ. ನಮ್ಮ ರಸ್ತೆಯ ಕರೆಂಟು ಕಂಬದಲ್ಲಿ ‘ತಿಂಗಳಿಗೆ ಕೇವಲ 399’ ಎಂಬ ಚೀಟಿ ಅಂಟಿಸಿದ್ದರು. ಫೋನ್ ಮಾಡಿದ ಮರುದಿನವೇ ಒಬ್ಬರು ಫಾರಂ ಹಿಡಿದುಕೊಂಡು ಬಂದರು. ಫಾರಂ ತುಂಬಿದವಳು ನಾನು. ಉಮ್ಮ ನಾನು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಆರು ತಿಂಗಳಿನದ್ದು ಒಟ್ಟಿಗೆ ಕಟ್ಟಬೇಕು ಎಂದರು, ಅದು 2,394 ರೂಪಾಯಿ. ಅದರ ಮೇಲೆ ತೆರಿಗೆ 431. ವಯರ್ ಎಳೆದು ಕೂರಿಸುವುದಕ್ಕೆ 1,000. ಒಟ್ಟು 3,825 ರೂಪಾಯಿ ಉಮ್ಮ ಬೀಡಿ ಕಟ್ಟಿ ಸೇರಿಸಿಟ್ಟ ಡಬ್ಬದಿಂದ ಹೋಯಿತು.

ಎರಡನೆಯ ತಿಂಗಳಲ್ಲಿ ಮಳೆ ಹಿಡಿಯಿತು. ಗಾಳಿಗೆ ಕೊಂಬೆ ಬಿದ್ದು ಲೈನ್ ಕಡಿದದ್ದು ಹನ್ನೊಂದು ದಿನ ಸರಿಯಾಗಲಿಲ್ಲ. ಸರಿಯಾದ ಮೇಲೆ ಮತ್ತೆ ಕಡಿಯಿತು. ಸ್ಕಾಲರ್‌ಶಿಪ್ ಅರ್ಜಿ ಹಾಕಲು ನಾನು ಪೇಟೆಯ ಸೈಬರ್‌ಗೆ ಹೋಗಿ ಸಾಲಿನಲ್ಲಿ ನಿಂತೆ. ಕನೆಕ್ಷನ್ ಬೇಡ, ಉಳಿದ ಹಣ ಕೊಡಿ ಎಂದು ಕೇಳಿದರೆ, ಮುಂಗಡ ಕಟ್ಟಿದ್ದು ವಾಪಸ್ ಇಲ್ಲ, ರಸೀದಿಯ ಹಿಂದೆ ಬರೆದಿದೆ ನೋಡಿ ಎಂದರು. ನೋಡಿದೆ. ಸಣ್ಣ ಅಕ್ಷರಗಳಲ್ಲಿ ಹಾಗೆಯೇ ಬರೆದಿತ್ತು.

ಉಮ್ಮ ಬೈಯಲಿಲ್ಲ. “ಓದುವವರು ನೀವಲ್ಲವಾ? ಓದಿ ಹೇಳಬೇಕಿತ್ತು” ಎಂದರು ಅಷ್ಟೆ. ಕಾಮರ್ಸ್ ಓದುವ ನನಗೆ ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ಆಮೇಲೆ ನಾನು ಕುಳಿತು ಓದಿದ್ದು, ಕೇಳಿ ತಿಳಿದದ್ದು, ಲೆಕ್ಕ ಹಾಕಿದ್ದು ಇಲ್ಲಿದೆ. ನಮ್ಮ ಕಾಲೇಜಿನ ಬಹಳಷ್ಟು ಮನೆಗಳಲ್ಲಿ ಇಂಥ ಫಾರಂ ತುಂಬುವವರು ನಾವೇ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈಗಿನ ಖರ್ಚು ಬರೆಯಿರಿ

ಅಗ್ಗದ ಪ್ಲಾನ್ ಹುಡುಕುವ ಮುಂಚೆ, ಈಗ ಮನೆಯಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ತಿಳಿಯಬೇಕು. ಮೊಬೈಲ್ ರೀಚಾರ್ಜ್ ತಿಂಗಳ ಲೆಕ್ಕವೆಂದು ನಾವು ಭಾವಿಸುತ್ತೇವೆ. ಹೆಚ್ಚಿನ ಪ್ಯಾಕ್‌ಗಳು ಇರುವುದು 28 ದಿನಕ್ಕೆ. 365 ದಿನವನ್ನು 28ರಿಂದ ಭಾಗಿಸಿದರೆ 13 ಬರುತ್ತದೆ. ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ರೀಚಾರ್ಜ್ ಮಾಡುತ್ತೇವೆ. ನಮ್ಮ ನಾಲ್ಕು ಫೋನಿಗೂ 349 ರೂಪಾಯಿಯ ಪ್ಯಾಕ್ ಇತ್ತು. ನಾಲ್ಕಕ್ಕೆ 1,396, ಹದಿಮೂರು ಸಲಕ್ಕೆ 18,148 ರೂಪಾಯಿ. ಈ ಮೊತ್ತವನ್ನು ಒಟ್ಟಿಗೆ ಬರೆದು ತೋರಿಸಿದಾಗ ಅಣ್ಣ ನಂಬಲಿಲ್ಲ, ಮತ್ತೊಮ್ಮೆ ಅವನೇ ಗುಣಿಸಿ ನೋಡಿದ.

ಈ ಲೆಕ್ಕದಿಂದ ಇನ್ನೊಂದು ವಿಷಯವೂ ಗೊತ್ತಾಯಿತು. ಬ್ರಾಡ್‌ಬ್ಯಾಂಡ್ ಹಾಕಿಸಿದ ಮಾತ್ರಕ್ಕೆ ಹಣ ಉಳಿಯುವುದಿಲ್ಲ. ಮೊಬೈಲ್ ಪ್ಯಾಕ್‌ಗಳನ್ನು ಹಾಗೆಯೇ ಇಟ್ಟುಕೊಂಡರೆ ಖರ್ಚು ಹೆಚ್ಚುತ್ತದೆ. ನಾವು ಮೊದಲ ಸಲ ಮಾಡಿದ್ದು ಇದನ್ನೇ.

399 ಅಂದರೆ 399 ಅಲ್ಲ

ಜಾಹೀರಾತಿನಲ್ಲಿ ದೊಡ್ಡದಾಗಿ ಇರುವುದು ತೆರಿಗೆ ಸೇರದ ಬೆಲೆ. ಬ್ರಾಡ್‌ಬ್ಯಾಂಡ್ ಸೇವೆಗೆ ಶೇ. 18 ಜಿಎಸ್‌ಟಿ ಇದೆ. 399ಕ್ಕೆ ತೆರಿಗೆ 71 ರೂಪಾಯಿ 82 ಪೈಸೆ. ಹಾಗಾಗಿ ನಾವು ಕಟ್ಟುವುದು ಸುಮಾರು 471. ಆದರೆ ಮೊಬೈಲ್ ಪ್ರೀಪೇಯ್ಡ್ ಪ್ಯಾಕ್‌ನಲ್ಲಿ ಬರೆದ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಎರಡನ್ನೂ ಹೋಲಿಸುವಾಗ ಇದನ್ನು ಮರೆಯಬಾರದು.

ಇನ್ನು ಒಂದು ಸಲದ ಖರ್ಚುಗಳು: ಕೂರಿಸುವ ಚಾರ್ಜು, ರೂಟರ್‌ನ ಬೆಲೆ ಅಥವಾ ಡೆಪಾಸಿಟ್, ಕಂಬದಿಂದ ಮನೆ ದೂರವಿದ್ದರೆ ಹೆಚ್ಚುವರಿ ವಯರ್‌ನ ಹಣ. ಕೆಲವರು ಆರು ತಿಂಗಳು ಅಥವಾ ಒಂದು ವರ್ಷದ್ದು ಒಟ್ಟಿಗೆ ಕಟ್ಟಿದರೆ ಕೂರಿಸುವ ಚಾರ್ಜು ಬಿಡುತ್ತಾರೆ. ಅದು ಲಾಭವೇ. ಆದರೆ ಸೇವೆ ಹೇಗಿದೆ ಎಂದು ತಿಳಿದ ಮೇಲೆ ಮಾತ್ರ. ಹೊಸ ಕಂಪೆನಿಯಾದರೆ ಮೊದಲ ಒಂದೆರಡು ತಿಂಗಳು ತಿಂಗಳು ತಿಂಗಳಾಗಿಯೇ ಕಟ್ಟಿ. ಸ್ವಲ್ಪ ಹೆಚ್ಚು ಹೋದರೂ, ಬಿಟ್ಟು ಹೋಗುವ ಬಾಗಿಲು ತೆರೆದಿರುತ್ತದೆ.

ಬೇರೆ ಬೇರೆ ಪ್ಲಾನ್‌ಗಳನ್ನು ಹೋಲಿಸಲು ನಾನು ಬಳಸುವ ದಾರಿ ಸುಲಭ. ಮೊದಲ ವರ್ಷದಲ್ಲಿ ಕೈಯಿಂದ ಹೋಗುವ ಎಲ್ಲ ಹಣವನ್ನು ಕೂಡಿಸಿ, ವಾಪಸ್ ಬರುವ ಡೆಪಾಸಿಟ್ ಕಳೆದು, ಹನ್ನೆರಡರಿಂದ ಭಾಗಿಸಿ. ಆಗ ಬರುವುದೇ ಆ ಪ್ಲಾನ್‌ನ ನಿಜವಾದ ತಿಂಗಳ ಬೆಲೆ. ಮೂರು ತಿಂಗಳ ಆಫರ್ ಮುಗಿದ ಮೇಲೆ ಬೆಲೆ ಏರುವ ಪ್ಲಾನ್‌ಗಳ ಬಣ್ಣವೂ ಈ ಲೆಕ್ಕದಲ್ಲಿ ಹೊರಬೀಳುತ್ತದೆ. ಹತ್ತು ಹದಿನೈದು ಸಿನಿಮಾ ಆ್ಯಪ್‌ಗಳು ಉಚಿತ ಎಂದು ಹೇಳುವ ಪ್ಲಾನ್‌ಗಳಲ್ಲಿ ಅವುಗಳ ಬೆಲೆಯೂ ಸೇರಿರುತ್ತದೆ. ನೋಡುವವರಿಲ್ಲದಿದ್ದರೆ ಅವು ಇಲ್ಲದ ಪ್ಲಾನ್ ಕೇಳಿ.

ಎಷ್ಟು ವೇಗ ಬೇಕು?

ವೇಗವನ್ನು ಎಂಬಿಪಿಎಸ್‌ನಲ್ಲಿ ಹೇಳುತ್ತಾರೆ. ಇಲ್ಲಿ ಎಂಬಿ ಅಂದರೆ ಮೆಗಾಬಿಟ್, ನಾವು ಫೈಲಿನ ಗಾತ್ರಕ್ಕೆ ಹೇಳುವ ಮೆಗಾಬೈಟ್ ಅಲ್ಲ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 30 ಎಂಬಿಪಿಎಸ್ ಲೈನ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 3.75 ಮೆಗಾಬೈಟ್ ಇಳಿಯುತ್ತದೆ. ಒಂದು ಜಿಬಿಯ ವಿಡಿಯೊ ಇಳಿಯಲು ನಾಲ್ಕೂವರೆ ನಿಮಿಷ ಬೇಕು.

ಒಳ್ಳೆಯ ಸ್ಪಷ್ಟತೆಯ ಒಂದು ವಿಡಿಯೊ ನೋಡಲು ಸುಮಾರು 5 ಎಂಬಿಪಿಎಸ್ ಸಾಕು. ವಿಡಿಯೊ ಕರೆಗೆ ಅದಕ್ಕಿಂತ ಕಡಿಮೆ. ಅಣ್ಣ ಕ್ರಿಕೆಟ್, ತಂಗಿ ಕಾರ್ಟೂನ್, ನಾನು ಪಾಠ, ಉಮ್ಮ ಅಬ್ಬನ ಜೊತೆ ಮಾತು, ಎಲ್ಲವೂ ಒಟ್ಟಿಗೆ ನಡೆದರೂ 20 ದಾಟುವುದಿಲ್ಲ. ಐದಾರು ಜನರ ಮನೆಗೆ 30 ಎಂಬಿಪಿಎಸ್ ಧಾರಾಳ. 100, 200 ಎಂದು ಮಾರಲು ಬರುವವರಿಗೆ ಈ ಲೆಕ್ಕ ಹೇಳಿ.

ಒಳಕೋಣೆಯಲ್ಲಿ ನೆಟ್ ನಿಧಾನ ಎಂದು ಹೆಚ್ಚಿನ ವೇಗದ ಪ್ಲಾನ್‌ಗೆ ಹೋಗುವವರಿದ್ದಾರೆ. ನಮ್ಮ ಕಡೆಯ ಕೆಂಪುಕಲ್ಲಿನ ದಪ್ಪ ಗೋಡೆಗಳು ವೈಫೈ ಸಿಗ್ನಲನ್ನು ತಡೆಯುತ್ತವೆ. ಮೊದಲು ರೂಟರ್ ಪಕ್ಕದಲ್ಲಿ ನಿಂತು ಟ್ರಾಯ್ ಸಂಸ್ಥೆಯ ‘ಮೈಸ್ಪೀಡ್’ ಆ್ಯಪ್‌ನಲ್ಲಿ ವೇಗ ನೋಡಿ. ಅಲ್ಲಿ ಸರಿಯಿದ್ದು ಒಳಗೆ ಕಡಿಮೆಯಿದ್ದರೆ ತಪ್ಪು ಪ್ಲಾನ್‌ನದಲ್ಲ. ರೂಟರನ್ನು ಮನೆಯ ನಡುಭಾಗಕ್ಕೆ, ಸ್ವಲ್ಪ ಎತ್ತರಕ್ಕೆ ತಂದರೆ ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

‘ಅನ್‌ಲಿಮಿಟೆಡ್’ ಎಂಬ ಪದದ ಮಿತಿ

ಅನ್‌ಲಿಮಿಟೆಡ್ ಎಂದು ಬರೆದ ಹೆಚ್ಚಿನ ಪ್ಲಾನ್‌ಗಳಿಗೂ ಒಂದು ಗಡಿ ಇರುತ್ತದೆ. ಎಫ್‌ಯುಪಿ ಎಂದು ಸಣ್ಣದಾಗಿ ಬರೆದಿರುತ್ತಾರೆ. ಅಷ್ಟು ಡೇಟಾ ಮುಗಿದ ಮೇಲೆ ನೆಟ್ ನಿಲ್ಲುವುದಿಲ್ಲ, ವೇಗ ಇಳಿಯುತ್ತದೆ. ಹಲವು ಪ್ಲಾನ್‌ಗಳಲ್ಲಿ ಈ ಗಡಿ ತಿಂಗಳಿಗೆ 3,300 ಜಿಬಿ. ಅಂದರೆ ದಿನಕ್ಕೆ 110 ಜಿಬಿ, ಸಾಮಾನ್ಯ ಮನೆಯವರು ಮುಟ್ಟಲಾರದ ಗಡಿ. ಆದರೆ ಕೆಲವು ಅಗ್ಗದ ಪ್ಲಾನ್‌ಗಳಲ್ಲಿ ಗಡಿ ಬಹಳ ಕಡಿಮೆ ಇರುತ್ತದೆ. ಕೇಳಬೇಕಾದ ಪ್ರಶ್ನೆ ಎರಡು: ಗಡಿ ಎಷ್ಟು? ದಾಟಿದ ಮೇಲೆ ವೇಗ ಎಷ್ಟು?

ಲ್ಯಾಂಡ್‌ಲೈನ್ ಇನ್ನೂ ಬೇಕೇ?

ಫೈಬರ್ ಕನೆಕ್ಷನ್ ಜೊತೆ ಲ್ಯಾಂಡ್‌ಲೈನ್ ನಂಬರನ್ನು ಬಹುಪಾಲು ಕಂಪೆನಿಗಳು ಕೊಡುತ್ತವೆ. ದೇಶದೊಳಗಿನ ಕರೆಗಳಿಗೆ ಬೇರೆ ಹಣವಿಲ್ಲದ ಪ್ಲಾನ್‌ಗಳೇ ಹೆಚ್ಚು. ಸಾಮಾನ್ಯ ಫೋನ್ ಉಪಕರಣವೊಂದನ್ನು ಮಾತ್ರ ನಾವು ತರಬೇಕು. ಮೊಬೈಲಿನ ಪರದೆ ಉಜ್ಜಲು ಬಾರದ ಅಜ್ಜಿಗೆ ಇದು ದೊಡ್ಡ ಅನುಕೂಲವಾಯಿತು. ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕು ಎಂಬುದನ್ನು ಮಾತ್ರ ಕಲಿಸಬೇಕಾಯಿತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ಗಳಿಗೆ ಈ ನಿಯಮವಿದೆ.

ಹಳೆಯ ತಾಮ್ರದ ಲೈನಿಗೂ ಫೈಬರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ತಾಮ್ರದ ತಂತಿಯಲ್ಲಿ ಫೋನಿಗೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಕರೆಂಟು ಹೋದರೂ ಫೋನ್ ಸದ್ದು ಮಾಡುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಮನೆಯ ಮೋಡೆಮ್‌ಗೆ ಕರೆಂಟು ಇಲ್ಲದಿದ್ದರೆ ನೆಟ್ಟೂ ಇಲ್ಲ, ಫೋನೂ ಇಲ್ಲ. ಇನ್ವರ್ಟರ್ ಇದ್ದರೆ ಮೋಡೆಮ್ಮನ್ನು ಅದಕ್ಕೆ ಜೋಡಿಸಿ. ಇಲ್ಲದಿದ್ದರೆ ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಇದೆ. ಗುಡುಗು ಮಿಂಚಿನ ಹೊತ್ತಿಗೆ ಮೋಡೆಮ್ಮಿನ ಪ್ಲಗ್ಗು ಕೀಳುವುದನ್ನೂ ಮರೆಯಬೇಡಿ. ಫೈಬರಿನಲ್ಲಿ ಸಿಡಿಲಿನ ವಿದ್ಯುತ್ ಹರಿಯದಿದ್ದರೂ ಕರೆಂಟಿನ ವಯರ್‌ನಿಂದ ಬಂದು ಸುಡಬಹುದು.

ಮನೆಯಲ್ಲಿ ಹಳೆಯ ಲ್ಯಾಂಡ್‌ಲೈನ್ ನಂಬರ್ ಇದ್ದು ಅದನ್ನು ಉಳಿಸಿಕೊಳ್ಳಬೇಕಾದರೆ ಮೊದಲು ಅದೇ ಕಂಪೆನಿಯ ಫೈಬರ್ ಸಿಗುತ್ತದೆಯೇ ಎಂದು ಕೇಳಿ. ಮೊಬೈಲ್ ನಂಬರನ್ನು ಪೋರ್ಟ್ ಮಾಡುವಂತೆ ಲ್ಯಾಂಡ್‌ಲೈನ್ ನಂಬರನ್ನು ಬೇರೆ ಕಂಪೆನಿಗೆ ಒಯ್ಯುವ ವ್ಯವಸ್ಥೆ ನಮ್ಮಲ್ಲಿಲ್ಲ.

ಯಾವ ಕಂಪೆನಿ?

ಬಿಎಸ್‌ಎನ್‌ಎಲ್, ಜಿಯೊ, ಏರ್‌ಟೆಲ್ ಅಲ್ಲದೆ ಊರಿನ ಕೇಬಲ್‌ನವರೂ ಬ್ರಾಡ್‌ಬ್ಯಾಂಡ್ ಕೊಡುತ್ತಾರೆ. ಫೈಬರ್ ತಲುಪದ ಕಡೆ 2023ರಿಂದ ಟವರ್ ಸಿಗ್ನಲ್ ಮೂಲಕ ಮನೆಗೆ ನೆಟ್ ಕೊಡುವ ಏರ್‌ಫೈಬರ್ ಕೂಡ ಬಂದಿದೆ. ಎಲ್ಲ ಕಡೆ ಎಲ್ಲವೂ ಸಿಗುವುದಿಲ್ಲ. ಪ್ಲಾನ್‌ಗಳನ್ನು ಕಂಪೆನಿಯ ಜಾಲತಾಣದಲ್ಲಿ ಅಥವಾ ಟ್ರಾಯ್‌ನ ದರ ಹೋಲಿಕೆಯ ಪುಟದಲ್ಲಿ ನೀವೇ ನೋಡಿ. ಮಾರಲು ಬಂದವರ ಬಾಯಿಮಾತು ಸಾಲದು.

ಬೆಲೆಯಲ್ಲಿ ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸಕ್ಕಿಂತ ಮುಖ್ಯವಾದದ್ದು, ಲೈನ್ ಕಡಿದಾಗ ಬರುವವರು ಯಾರು ಎಂಬುದು. ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಫೈಬರಿನ ಬಿಲ್ ಬಿಎಸ್‌ಎನ್‌ಎಲ್ ಹೆಸರಿನಲ್ಲಿದ್ದರೂ ವಯರ್ ಎಳೆದು ರಿಪೇರಿ ಮಾಡುವವರು ಹೆಚ್ಚಾಗಿ ಊರಿನ ಕೇಬಲ್‌ನವರೇ ಆಗಿರುತ್ತಾರೆ. ಹಾಗಾಗಿ ಒಂದೇ ಕಂಪೆನಿಯ ಸೇವೆ ಒಂದು ಊರಿನಲ್ಲಿ ಚೆನ್ನಾಗಿದ್ದು ಪಕ್ಕದ ಊರಿನಲ್ಲಿ ಕೆಟ್ಟಿರಬಹುದು. ನಿಮ್ಮದೇ ರಸ್ತೆಯ ಮೂರು ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿ: “ಹೋದ ಮಳೆಗಾಲದಲ್ಲಿ ಎಷ್ಟು ದಿನ ಲೈನ್ ಇರಲಿಲ್ಲ?” ನಾನು ಮೊದಲ ಸಲ ಕೇಳದೆ ಬಿಟ್ಟ ಪ್ರಶ್ನೆ ಇದು.

ಕೆಟ್ಟು ನಿಂತಾಗ

ದೂರು ಕೊಟ್ಟರೆ ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ವಯರ್ ಎಳೆದವರಿಗೆ ಫೋನ್ ಮಾಡಿ ಹೇಳಿದ್ದು ದೂರಾಗಿ ದಾಖಲಾಗುವುದಿಲ್ಲ. ನಾವು ಹನ್ನೊಂದು ದಿನವೂ ಮಾಡಿದ್ದು ಅದನ್ನೇ. ದೂರು ಕೇಂದ್ರದಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ. ಟ್ರಾಯ್‌ನ 2012ರ ನಿಯಮಾವಳಿ ಈ ಎರಡು ಹಂತಗಳನ್ನು ಕಡ್ಡಾಯ ಮಾಡಿದೆ. ರಿಪೇರಿ ದಿನಗಟ್ಟಲೆ ತಡವಾದರೆ ಬಾಡಿಗೆಯಲ್ಲಿ ಕಡಿತ ಕೇಳಲೂ ಅವಕಾಶವಿದೆ. ಟ್ರಾಯ್ ತಾನೇ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಗ್ರಾಹಕರಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನೆಕ್ಷನ್ ಬಿಡುವಾಗ ರೂಟರ್ ಮರಳಿಸಿದ್ದಕ್ಕೆ ರಸೀದಿ ಪಡೆಯಿರಿ.

ಕೊನೆಗೆ ನಮ್ಮ ಮನೆಯ ಲೆಕ್ಕ

ಈಗ ನಮ್ಮದು ಬೇರೆ ಕಂಪೆನಿಯ ಕನೆಕ್ಷನ್. 30 ಎಂಬಿಪಿಎಸ್, ತೆರಿಗೆ ಸೇರಿ ತಿಂಗಳಿಗೆ 471, ವರ್ಷಕ್ಕೆ 5,652. ಅಣ್ಣ ದಿನವೂ ಹೊರಗೆ ಓಡಾಡುವುದರಿಂದ ಅವನ ಪ್ಯಾಕ್ ಹಾಗೆಯೇ ಇದೆ, ವರ್ಷಕ್ಕೆ 4,537. ಉಳಿದ ಮೂರು ಫೋನ್‌ಗಳಿಗೆ ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್. ಇಂಥ ಪ್ಯಾಕ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದ ಮೇಲೆ ಕಂಪೆನಿಗಳು ತಂದಿವೆ. ನಾವು ಹಾಕಿಸಿದ್ದು 84 ದಿನಕ್ಕೆ 448 ರೂಪಾಯಿಯದ್ದು. ಮೂರು ಫೋನಿಗೆ ವರ್ಷಕ್ಕೆ ಸುಮಾರು 5,840. ಎಲ್ಲ ಕೂಡಿಸಿದರೆ 16,029. ಮೊದಲಿನ 18,148ರಲ್ಲಿ ಕಳೆದರೆ 2,119 ರೂಪಾಯಿ ಉಳಿತಾಯ. ಮೊಬೈಲ್ ಪ್ಯಾಕ್ ಇಳಿಸದೆ ಇದ್ದಿದ್ದರೆ ಖರ್ಚು 23,800 ಆಗುತ್ತಿತ್ತು. ಬೆಲೆಗಳು ಬದಲಾಗುತ್ತಿರುತ್ತವೆ, ನಿಮ್ಮ ಲೆಕ್ಕವನ್ನು ಇಂದಿನ ಬೆಲೆಯಲ್ಲಿ ಮಾಡಿ.

ಮನೆಯಿಂದ ಹೊರಗೆ ಬಂದರೆ ನನ್ನ ಫೋನಿನಲ್ಲಿ ಈಗ ನೆಟ್ ಇಲ್ಲ. ಇದನ್ನು ಓದಿ ನಮ್ಮ ಲೆಕ್ಚರರ್‌ಗಳಿಗಾದರೂ ಸಂತೋಷವಾಗಲಿ.

ಉಳಿದ 2,119 ಅಂದರೆ ತಿಂಗಳಿಗೆ 176 ರೂಪಾಯಿ. ಅದನ್ನು ಪ್ರತಿ ತಿಂಗಳು ಉಮ್ಮನ ಡಬ್ಬಕ್ಕೆ ನಾನೇ ಹಾಕುತ್ತಿದ್ದೇನೆ. ನನ್ನ ಅವಸರದಲ್ಲಿ ಹೋದ 3,825 ತುಂಬಲು ಇಪ್ಪತ್ತೆರಡು ತಿಂಗಳು ಬೇಕು. ನಿಮ್ಮ ಮನೆಗೆ ಯಾರಾದರೂ ಫಾರಂ ಹಿಡಿದು ಬಂದರೆ ಒಂದು ದಿನ ಸಮಯ ಕೇಳಿ. ಹಿಂಬದಿಯ ಸಣ್ಣ ಅಕ್ಷರ ಓದಿ, ಮನೆಯವರಿಗೆ ಅವರ ಭಾಷೆಯಲ್ಲಿ ಹೇಳಿ, ಆಮೇಲೆ ಸಹಿ ಹಾಕಿಸಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ